ಕವುಚಿಟ್ಟ ಲೋಟ

ಅಕ್ಕಾ, ಸುಖವಾಗಿ ತಲುಪಿದೆ. ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ, ಮಹಡಿಯಲ್ಲೇ ಮಲಗುವ ಕೋಣೆ. ಇಲ್ಲಿ ಎಲ್ಲದಕ್ಕೂ ಒಂದೇ ಇಂಗ್ಲಿಷ್ ಪದ, ‘ಔಟ್’. ಬಟ್ಟೆಯ ಕಲೆ ಹೋದರೂ ಔಟ್, ಬಲ್ಬ್ ಕೆಟ್ಟರೂ ಔಟ್, ಮಾಲೀಕರು ಊಟಕ್ಕೆ ಎದ್ದುಹೋದರೂ ಔಟ್. ನನ್ನ ಮಂಚದಲ್ಲಿ ಮೊದಲಿದ್ದವನು ಎಲ್ಲಿ ಅಂತ ಮೇಸ್ತ್ರಿಯನ್ನು ಕೇಳಿದೆ. “ಅವನಾ? ಔಟು, ಬಿಡು,” ಅಂದ. “ಔಟು ಅಂದ್ರೆ ಹೇಗೆ?” ಅಂದದ್ದಕ್ಕೆ ಎಲ್ಲರೂ ಇಸ್ತ್ರಿ ನಿಲ್ಲಿಸಿ ನನ್ನನ್ನೇ ನೋಡಿದರು. ಅವನ ಚಪ್ಪಲಿ, ಸ್ವೆಟರ್ ಇನ್ನೂ ಮಂಚದ ಕೆಳಗೇ ಇವೆ. ಔಟಾದವರ ಟೀ ಲೋಟವನ್ನು ಗೂಡಿನಲ್ಲಿ ಕವುಚಿಡುವುದು ಇಲ್ಲಿನ ರೂಢಿಯಂತೆ.

ಕೆಮ್ಮು ವಾಸಿ. ಸ್ವೆಟರ್ ಕಳಿಸಬೇಡ, ಅವನದೇ ನನಗೆ ಅಳತೆಗೆ ಸರಿಯಾಗಿ ಕೂತಿದೆ. ಟೀ ಗಂಟೆ ಹೊಡೆಯಿತು, ಮುಗಿಸುತ್ತೇನೆ. ನನ್ನ ಲೋಟವನ್ನು ಬೆಳಗ್ಗೆಯಿಂದ ಎರಡು ಸಲ ನೆಟ್ಟಗಿಟ್ಟೆ. ಯಾರೋ ಮತ್ತೆ ಕವುಚಿಟ್ಟಿದ್ದಾರೆ.

ನಿನ್ನ ತಮ್ಮ