ಘೇಂಡಾಮೃಗದ ಮೂಳೆಯ ಮೇಲಿನ ಗೀರು

ಸರ್,

ನೀವು ಹೋಗಿ ಆರು ವರ್ಷವಾದ ಮೇಲೆ ನಿಮ್ಮ ಸವಿತಾ ಬರೆಯುತ್ತಿದ್ದಾಳೆ. ನೀವಿದ್ದಾಗ ಬಾಯಿ ಬಿಡದವಳಿಗೆ ಈಗ ಧೈರ್ಯ ಬಂದಿದೆ, ನೋಡಿ.

ಆಂಧ್ರದ ಸುಣ್ಣಕಲ್ಲಿನ ಗುಹೆಯಿಂದ ನಾವು ಪುಣೆಗೆ ತಂದ ಆ ಘೇಂಡಾಮೃಗದ ಕಾಲುಮೂಳೆ ನೆನಪಿದೆಯಲ್ಲ? ಮಣ್ಣು ಬಿಡಿಸಲು ಬಿದಿರಿನ ಕಡ್ಡಿ ಬಿಟ್ಟು ಬೇರೇನೂ ಮುಟ್ಟಬಾರದು ಎಂಬುದು ನಿಮ್ಮ ಕಟ್ಟುನಿಟ್ಟು. ನನಗೆ ಹಡಪಸರದ ಬಸ್ಸಿನ ಅವಸರ. ಒಂದು ತುದಿಯನ್ನು ತಂತಿ ಬ್ರಶ್ಶಿನಿಂದ ಉಜ್ಜಿಬಿಟ್ಟೆ. ಮಾರನೆಯ ದಿನ ನೀವು ಮೂಳೆಯ ನಡುಭಾಗದಲ್ಲಿ ಗೀರುಗಳನ್ನು ಕಂಡಿರಿ. "ಕಲ್ಲಿನ ಚೂರಿಲೆ ಮಾಂಸ ಕೊಯ್ದಾರ, ಸವಿತಾ. ಮನಷ್ಯಾರು ಇದ್ರು ಅಲ್ಲಿ," ಎನ್ನುತ್ತ ಎಲ್ಲರಿಗೂ ಚಹಾ ಕುಡಿಸಿದಿರಿ.

ಪರಿಶೀಲನೆಗೆ ಹೊರಗಿನ ವಿದ್ವಾಂಸರು ಬಂದ ದಿನವೂ ನನ್ನನ್ನು ಬಿಡಲಿಲ್ಲ. ಪೆಟ್ಟಿಗೆಯ ಚೀಟಿ ತಪ್ಪಿತ್ತೆಂದು ಅವರೆದುರೇ, "ಎಲುಬಿಗೂ ಇಟ್ಟಂಗಿಗೂ ಫರಕ್ ತಿಳಿಯೂದಿಲ್ಲೇನು ನಿನಗ?" ಎಂದಿರಿ. ಮೈಯೆಲ್ಲ ಉರಿದುಹೋಯಿತು. ವರಾಂಡದಲ್ಲಿ ಅವರಲ್ಲೊಬ್ಬರು ಮೂಳೆಯನ್ನು ಸ್ವಚ್ಛ ಮಾಡಿದ್ದು ಹೇಗೆಂದು ಕೇಳಿದಾಗ, ಇಡೀ ಮೂಳೆಗೆ ತಂತಿ ಬ್ರಶ್ ಬಿದ್ದಿದೆ ಎಂದುಬಿಟ್ಟೆ. ಒಂದು ತುದಿಗೆ ಮಾತ್ರ ಎನ್ನಬೇಕಿತ್ತು, ಉಜ್ಜಿದವಳು ನಾನೇ ಎನ್ನಬೇಕಿತ್ತು...

ಒಳಗೆ ಬಂದು ಅವರು ನಿಮ್ಮನ್ನು ಕೇಳಿದರು. ಹೇಳಿದವರ ಹೆಸರು ಎತ್ತಲಿಲ್ಲ. ನೀವು ನನ್ನತ್ತ ಕೈ ತೋರಿಸಿ, "ಈಕಿ ತಂತಿ ಮುಟ್ಟೂ ಹುಡುಗಿ ಅಲ್ರಿ," ಎಂದಿರಿ. ನಾನು ನೆಲ ನೋಡಿದೆ. ಗೀರೆಲ್ಲ ಬ್ರಶ್ಶಿನದೇ ಎಂದು ಷರಾ ಬರೆದು ಹೋದರು. ಆಮೇಲೆ ನಿಮ್ಮ ಬೆನ್ನ ಹಿಂದೆ ಮುಸಿಮುಸಿ ನಕ್ಕವರ ಜೊತೆ ನಾನು ಡಬ್ಬಿ ಬಿಚ್ಚಿ ಊಟ ಮಾಡಿದ್ದೇನೆ. ಅಷ್ಟೊಂದು ನಂಬುವುದಾದರೂ ಯಾಕೆ, ಸರ್? ಬೈಯುವಾಗ ಇಲ್ಲದ ನಂಬಿಕೆ ಅವತ್ತೇ ಯಾಕೆ ಬರಬೇಕಿತ್ತು?

ಕಳೆದ ವಾರ ಹೊಸ ಸೂಕ್ಷ್ಮದರ್ಶಕದಡಿ ಅದೇ ಮೂಳೆ ಇಟ್ಟು ನೋಡಿದೆ. ನನ್ನ ಬ್ರಶ್ಶಿನ ಗೆರೆಗಳು ತುದಿಯಲ್ಲಷ್ಟೇ ಇವೆ. ನೀವು ಕಂಡ ಗೀರುಗಳೊಳಗೆ ಗುಹೆಯ ಸುಣ್ಣ ಕಲ್ಲಾಗಿ ಕೂತಿದೆ. ನಾವು ಅಗೆದು ತೆಗೆಯುವುದಕ್ಕೆ ಸಾವಿರಾರು ವರ್ಷ ಮೊದಲೇ ಅಲ್ಲಿ ಯಾರೋ ಮಾಂಸ ಕೊಯ್ದಿದ್ದರು.

ಸಾಸವಡಕ್ಕೆ ಹೋಗಿ ನಿಮ್ಮ ಮನೆಯವರ ಮುಂದೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಹುಡುಗಿ ಮಾಡಿಲ್ಲ ಅಂದ್ರ ನನ್ನ ಕೈಯಿಂದನ ಆಗಿರಬೇಕು ಅಂತಿದ್ರವ್ವಾ. ಆಮ್ಯಾಲ ಒಂದ್ ಎಲುಬೂ ಮುಟ್ಟಲಿಲ್ಲ," ಎಂದರು.

ನನ್ನ ಸುಳ್ಳನ್ನೂ ಸೇರಿಸಿ ವರದಿ ಬರೆದಿದ್ದೇನೆ, ಸೋಮವಾರ ಕೊಡುತ್ತೇನೆ. ನಿಮ್ಮ ಕೈಯಿಂದ ತಪ್ಪಾಗಿರಲಿಲ್ಲ, ಸರ್. ಇದನ್ನು ಹೇಳಲು ನನಗೆ ಆ ಮಧ್ಯಾಹ್ನ ಎರಡು ನಿಮಿಷ ಸಾಕಿತ್ತು.

ಸವಿತಾ