ಇನ್ನು ಪುದೀನ ಕಳಿಸುವುದಿಲ್ಲ

ಸೋಮವಾರ, ಬೆಳಗ್ಗೆ

ನನ್ನ ಮೊಂಡು ತಂಗಿಗೆ, ನಿನಗಿಂತ ಮೊಂಡಿಯಾದ ಅಕ್ಕನ ಅಕ್ಕರೆ.

ಈ ವಾರ ಪುದೀನ ಕಳಿಸುವುದಿಲ್ಲ. ಮುಂದಿನ ವಾರವೂ ಇಲ್ಲ. ಗಿಡಕ್ಕೇನೂ ಆಗಿಲ್ಲ, ಹಿತ್ತಲಿನ ನಲ್ಲಿಯ ಬುಡದಲ್ಲಿ ಕಿತ್ತಷ್ಟೂ ಹಬ್ಬುತ್ತಿದೆ. ಶಾಲೆಯ ಅಡುಗೆಮನೆಗೆ ದಿನಾ ಎರಡು ಕಟ್ಟು ಒಯ್ಯುತ್ತೇನೆ. ಬಟಾಣಿ ಬೆಂದು ಒಲೆ ಆರಿಸಿದ ಮೇಲೆ ಎಲೆಯನ್ನು ಕೈಯಲ್ಲೇ ಹರಿದು ಹಾಕಿದರೆ ಮಕ್ಕಳು ತಟ್ಟೆ ನೆಕ್ಕುತ್ತಾರೆ. ಹೊಟ್ಟೆಯುಬ್ಬರಕ್ಕೆ ಅದರ ಕಷಾಯ, ಮೂಗು ಕಟ್ಟಿದರೆ ಹಬೆ, ಬಾಯಿ ವಾಸನೆಗೆ ನಾಲ್ಕೆಲೆ. ಬೀದಿಯವರೆಲ್ಲ ನನ್ನನ್ನು ಪುದೀನ ಡಾಕ್ಟರ್ ಎನ್ನುವುದು ನಿನಗೆ ಗೊತ್ತೇ ಇದೆ. ಆ ಹೆಸರು ನನ್ನ ತಲೆಗೇರಿಬಿಟ್ಟಿತ್ತು.

ಐದು ತಿಂಗಳ ಹಿಂದೆ ನೀನು ಹೊಟ್ಟೆನೋವು ಎಂದಾಗ ಕಷಾಯ ಕುಡಿ ಎಂದವಳು ನಾನೇ. ಕಡಿಮೆಯಾಯಿತು ಎಂದೆ ನೀನು; ನಾನು ಉಬ್ಬಿಹೋದೆ. ಆಮೇಲೆ ವಾರಕ್ಕೊಂದಿದ್ದ ಕಟ್ಟು ನಾಲ್ಕಾಯಿತು. ಮೊಸರಿಗೆ ಹಾಕುತ್ತೇನೆ ಎಂದು ನೀನು ಬರೆದೆ. ಒಬ್ಬಳೇ ಇರುವವಳಿಗೆ ಅಷ್ಟು ಮೊಸರು ಯಾಕೆ ಎಂದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

ನಿನ್ನೆ ನಿನ್ನ ಹೊಲಿಗೆ ಅಂಗಡಿಯ ಜೊತೆಗಾತಿ ಬಂದಿದ್ದಳು. "ಅಕ್ಕಾ, ಅವ್ಳು ಊಟಾನೇ ಮುಟ್ತಿಲ್ಲ. ಬರೀ ಪುದೀನ ನೀರು. ದೊಗಳೆ ಆಯ್ತು ಅಂತ ತನ್ನ ಬಟ್ಟೇನೇ ಎರಡ್ಸಲ ಹಿಡಿದು ಹೊಲ್ಕೊಂಡ್ಲು" ಎಂದು ಅತ್ತಳು.

ನಿಜ ಹೇಳಿಬಿಡುತ್ತೇನೆ. ಹೋದ ತಿಂಗಳು ನೀನು ಬಂದಾಗಲೇ ನಿನ್ನ ಕತ್ತಿನ ಮೂಳೆ ನನ್ನ ಕಣ್ಣಿಗೆ ಬಿದ್ದಿತ್ತು. ಕೇಳಲಿಲ್ಲ. ನನ್ನ ಮದ್ದು ಸುಳ್ಳಾಗುವುದು ನನಗೆ ಬೇಕಿರಲಿಲ್ಲ. ಕ್ಷಮಿಸು.

ಅಮ್ಮನ ಹೊಟ್ಟೆನೋವೂ ಹೀಗೇ ಶುರುವಾಗಿದ್ದು. ಅದಕ್ಕೇ ನೀನು ಆಸ್ಪತ್ರೆಯ ಮಾತೆತ್ತುವುದಿಲ್ಲ. ನನಗೂ ಭಯವೇ. ಹೆದರಿಕೊಂಡೇ ಹೋಗೋಣ, ಪುಟ್ಟೀ; ಧೈರ್ಯ ಬರಲಿ ಎಂದು ಕಾಯುತ್ತಾ ಕೂರುವಷ್ಟು ಪುರುಸೊತ್ತು ನಮಗಿಲ್ಲ. ಅಮ್ಮ ಹೋದದ್ದು ತಡಮಾಡಿದ್ದರಿಂದ. ಇವತ್ತು ಹತ್ತೂವರೆಗೆ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ಶಾಲೆಗೆ ರಜೆ ಹಾಕಿದ್ದೇನೆ. ನಿನ್ನ ಒಪ್ಪಿಗೆ ಕೇಳುತ್ತಿಲ್ಲ. ಎದುರಿಗೆ ಹೇಳಿದರೆ ನಗಿಸಿ ಮಾತು ಮರೆಸುತ್ತೀಯ ಎಂದೇ ಇಷ್ಟನ್ನೂ ಬರೆದದ್ದು.

ನಿನ್ನ
ಅಕ್ಕ

ವಿ.ಸೂ.: ಇದು ಅಂಚೆಯಲ್ಲಿ ಬಂದದ್ದಲ್ಲ. ಮೊದಲ ಬಸ್ಸಿಗೇ ಬಂದು, ಬಾಗಿಲ ಸಂದಿಯಿಂದ ತಳ್ಳಿ, ನಿನ್ನ ಮೆಟ್ಟಿಲ ಮೇಲೆ ಕೂತಿದ್ದೇನೆ. ಅಳುವುದಿದ್ದರೆ ಅತ್ತುಬಿಡು, ಕಾಯುತ್ತೇನೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡೇ ಬಾಗಿಲು ತೆಗೆ.