ಇಬ್ಬರು ಕಂಡ ಒಂದೇ ಬುಟ್ಟಿಯ ವಿಚಾರ

ಇಂಗ್ಲಿಷ್ ಮಾತಿನ ಪರೀಕ್ಷೆ ನಡೆಸುವ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಮುಳಬಾಗಿಲಿನ ಇಬ್ಬರು ಹುಡುಗಿಯರ ಫಲಿತಾಂಶವನ್ನು ನೀವು ತಡೆಹಿಡಿದಿದ್ದೀರಿ. ಇಬ್ಬರೂ ಯಾರೋ ಬರೆದುಕೊಟ್ಟ ಒಂದೇ ಉತ್ತರವನ್ನು ಬಾಯಿಪಾಠ ಮಾಡಿ ಒಪ್ಪಿಸಿದ್ದಾರೆ ಎಂಬುದು ನಿಮ್ಮ ಆರೋಪ. ಒಪ್ಪಿಸಿದ್ದು ಒಂದೇ ಉತ್ತರ ಎನ್ನುವುದು ಹೆಚ್ಚುಕಡಿಮೆ ಸರಿ. ಬರೆದುಕೊಟ್ಟವರು ಮಾತ್ರ ಯಾರೂ ಇಲ್ಲ. ಅದು ಅವರ ಕಣ್ಣೆದುರು ನಡೆದದ್ದು. ಇಷ್ಟನ್ನು ತಿಳಿದುಕೊಳ್ಳುವ ಪುರುಸೊತ್ತು ನಿಮ್ಮ ಕಚೇರಿಯಲ್ಲಿ ಯಾರಿಗಾದರೂ ಇತ್ತೇ ಎಂಬುದು ನನ್ನ ಮೊದಲ ಅನುಮಾನ.

ನಾನು ನಿವೃತ್ತ ಕನ್ನಡ ಮೇಷ್ಟ್ರು. ಮೆಹ್ರೀನ್ ಮತ್ತು ಮೌನಿಕಾ ಇಬ್ಬರೂ ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿಯರು, ಈಗ ನರ್ಸಿಂಗ್ ಮುಗಿಸಿದವರು. ಹೊರದೇಶದ ಆಸ್ಪತ್ರೆಯೊಂದು ಮೆಹ್ರೀನಳನ್ನು ಆರಿಸಿಕೊಂಡಿದೆ. ಈ ತಿಂಗಳು ಮುಗಿಯುವುದರೊಳಗೆ ನಿಮ್ಮ ಅಂಕ ಕೈಗೆ ಬರದಿದ್ದರೆ ಆ ಕೆಲಸ ಇನ್ನೊಬ್ಬರ ಪಾಲಾಗುತ್ತದೆ. ಪರೀಕ್ಷೆಗೆ ಮುಂಚೆ ಇಬ್ಬರೂ ನಮ್ಮ ಮನೆಗೆ ಬಂದು, "ಸಾರ್, ಇಂಗ್ಲಿಷ್ ಹೆಂಗೋ ಬರುತ್ತೆ. ಮಾತಾಡ್ತಾ ಮಾತಾಡ್ತಾ ಎಲ್ಲಿಗೋ ಹೋಗ್ಬಿಡ್ತೀವಿ, ಅದೇ ಪ್ರಾಬ್ಲಂ" ಎಂದರು. ಉತ್ತರ ಅಚ್ಚುಕಟ್ಟಾಗಿರಬೇಕು, ಒಂದು ಮಾತಿಗೆ ಇನ್ನೊಂದು ಹೊಂದಿಕೊಂಡಿರಬೇಕು ಎಂದು ನಿಮ್ಮ ಸೂಚನೆಗಳಲ್ಲೇ ಇದೆಯಂತೆ. ಅದನ್ನು ನಮ್ಮ ಶಾಲೆಗಳಲ್ಲಿ ತಲತಲಾಂತರದಿಂದ ಕಲಿಸುತ್ತಿದ್ದೇವೆ, ಸ್ವಾಮಿ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಗೋವಿನ ಮೇಲೆ ಪ್ರಬಂಧ ಬರೆದವರಿಗೆ ಎರಡು ನಿಮಿಷ ಇಂಗ್ಲಿಷ್ ಮಾತನಾಡುವುದು ಅಷ್ಟು ಕಷ್ಟವಾಗಬಾರದು ಎಂದು ಧೈರ್ಯ ಹೇಳಿದೆ. ನಿಮ್ಮ ಜೀವನದಲ್ಲಿ ನಡೆದದ್ದನ್ನೇ ಹೇಳಿ, ಮರೆತುಹೋಗುವ ಭಯ ಇರುವುದಿಲ್ಲ ಎಂದೂ ಹೇಳಿದೆ.

ಅವರಿಗೆ ಬಂದ ಪ್ರಶ್ನೆ, ಯಾರಿಗಾದರೂ ಸಹಾಯ ಮಾಡಿದ ಸಂದರ್ಭವನ್ನು ವಿವರಿಸಿ ಎಂಬುದು. ಇಬ್ಬರೂ ಹೇಳಿದ್ದು ತಾಯಲೂರಿನಿಂದ ಬರುವ ಬಸ್ಸಿನಲ್ಲಿ ನಡೆದ ಸಂಗತಿ. ಟೊಮೆಟೊ ಬಿಡಿಸುವ ಕೂಲಿಗೆ ಹೋಗಿ ಬರುತ್ತಿದ್ದ ಮುನಿಯಲ್ಲಮ್ಮ ಎಂಬ ಮುದುಕಿ ಬಿಸಿಲಿನ ಝಳಕ್ಕೆ ಸೀಟಿನಿಂದ ಜಾರಿ ಬಿದ್ದಳು. ಇವರಿಬ್ಬರೂ ಆಕೆಯನ್ನು ಮಲಗಿಸಿ, ಕಾಲು ಎತ್ತರಿಸಿ, ಕಂಡಕ್ಟರನನ್ನು ಕಾಡಿ ಬೇಡಿ ಬಸ್ಸನ್ನು ನಿಲ್ದಾಣದ ಬದಲು ಆಸ್ಪತ್ರೆಗೆ ತಿರುಗಿಸಿದರು. ಕಣ್ಣು ಬಿಟ್ಟ ಮುದುಕಿ ಇವರಿಗೆ ಕೈ ಮುಗಿಯಲಿಲ್ಲ. "ನಾ ಬುಟ್ಟ ಯಾಡ ಪೆಟ್ನಾರು?" ಎಂದು ತೆಲುಗಿನಲ್ಲಿ, ತನ್ನ ಟೊಮೆಟೊ ಬುಟ್ಟಿ ಎಲ್ಲಿಟ್ಟಿರಿ ಎಂದು ಜಗಳಕ್ಕೇ ನಿಂತಳು. ಮೌನಿಕಾ ಬಸ್ಸಿಗೆ ಓಡಿ ಬುಟ್ಟಿ ತಂದುಕೊಟ್ಟ ಮೇಲೆಯೇ ಆಕೆ ಡ್ರಿಪ್ ಹಾಕಿಸಿಕೊಂಡದ್ದು.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ಎರಡೂ ಉತ್ತರಗಳಲ್ಲಿ 'ಅಸಾಮಾನ್ಯವಾದ ಒಂದೇ ವಿವರ' ಕಂಡುಬಂದಿದೆ, ಅದು ಟೊಮೆಟೊ ಬುಟ್ಟಿ, ಆದ್ದರಿಂದ ಇದು ಹಂಚಿಕೊಂಡ ಉತ್ತರ ಎಂದು ಬರೆದಿದ್ದೀರಿ. ಮಾನ್ಯರೇ, ಕೋಲಾರ ಜಿಲ್ಲೆಯಲ್ಲಿ ಟೊಮೆಟೊ ಬುಟ್ಟಿ ಅಸಾಮಾನ್ಯವೇ? ಬಸ್ಸಿನಲ್ಲಿ ಇದ್ದದ್ದೇ ಒಂದು ಬುಟ್ಟಿಯಾದರೆ ಇಬ್ಬರು ಎರಡು ಬುಟ್ಟಿಗಳನ್ನು ಎಲ್ಲಿಂದ ತರಬೇಕಿತ್ತು? ಒಬ್ಬಳು ಬುಟ್ಟಿ ಎಂದು, ಇನ್ನೊಬ್ಬಳು ಸೂಟ್‌ಕೇಸ್ ಎಂದು ಹೇಳಿದ್ದರೆ ನಿಮಗೆ ಸಮಾಧಾನವಾಗುತ್ತಿತ್ತೇ? ಇನ್ನೊಂದು ಮಾತು. ನೀವು ಮೆಹ್ರೀನಳಿಗೆ ಬರೆದ ಪತ್ರವನ್ನೂ ಮೌನಿಕಾಳಿಗೆ ಬರೆದ ಪತ್ರವನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಹೆಸರೊಂದು ಬಿಟ್ಟರೆ ಅಕ್ಷರಕ್ಕೆ ಅಕ್ಷರ ಒಂದೇ. ನಿಮ್ಮ ನಿಯಮವನ್ನು ನಿಮಗೇ ಅನ್ವಯಿಸಿದರೆ ನಿಮ್ಮ ಕಚೇರಿಯನ್ನೂ ತಡೆಹಿಡಿಯಬೇಕಾಗುತ್ತದೆ.

ಇವರ ಜೊತೆಗೇ ಪರೀಕ್ಷೆಗೆ ಕೂತ ಚೈತನ್ಯ ಎಂಬ ಹುಡುಗಿ ಕೋಲಾರದ ಕೋಚಿಂಗ್ ಸೆಂಟರೊಂದಕ್ಕೆ ಸೇರಿದ್ದಳು. ಅಲ್ಲಿಯವರು ಜಾಣರು. ಒಬ್ಬರಿಗೆ ಕೊಟ್ಟ ಕಥೆಯನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ. ಒಬ್ಬಳಿಗೆ ಕೆರೆಗೆ ಬಿದ್ದ ನಾಯಿ, ಇನ್ನೊಬ್ಬಳಿಗೆ ದಾರಿ ತಪ್ಪಿದ ವಿದೇಶಿ ಪ್ರವಾಸಿ. ಚೈತನ್ಯಳ ಪಾಲಿಗೆ ಬಂದದ್ದು, ಕೊನೆಗಾಲದಲ್ಲಿ ಅವಳು ಸೇವೆ ಮಾಡಿ ಕಳಿಸಿಕೊಟ್ಟ ಅಜ್ಜ. ಆ ಅಜ್ಜ ಚನ್ನರಾಯಪ್ಪನವರು ಮುಳಬಾಗಿಲು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ದಿನಾ ನನ್ನ ಎದುರು ಕೂತು ಕಾಫಿ ಕುಡಿಯುತ್ತಾರೆ. "ನಾನು ಸತ್ತಿದ್ದಕ್ಕೆ ಒಳ್ಳೆ ಮಾರ್ಕ್ಸ್ ಬಿದ್ದೈತಂತೆ ಮೇಷ್ಟ್ರೇ" ಎಂದು ಅವರೇ ಹೇಳಿ ನಕ್ಕರು. ಚೈತನ್ಯಳ ಮೇಲೆ ನನಗೆ ಸಿಟ್ಟಿಲ್ಲ, ಅವಳೂ ದುಡಿದು ತಿನ್ನಬೇಕಾದ ಹುಡುಗಿ. ಆದರೆ ಆ ಸೆಂಟರಿನವರಿಗೆ ನಿಮ್ಮ ಅನುಮಾನ ಯಾವ ದಾರಿಯಲ್ಲಿ ನಡೆಯುತ್ತದೆ ಎಂಬುದು ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತಾಯಿತು? ನನ್ನ ಬಳಿ ಪುರಾವೆ ಇಲ್ಲ. ಪುರಾವೆ ಇಲ್ಲದೆ ಅನುಮಾನಿಸುವುದನ್ನು ನಿಮ್ಮಿಂದಲೇ ಕಲಿತೆ.

ಮರುಪರೀಕ್ಷೆಗೆ ಕೂರಬಹುದು, ಆದರೆ 'ಸ್ವಂತ ಉತ್ತರ'ದೊಂದಿಗೆ ಬನ್ನಿ ಎಂದು ಬರೆದಿದ್ದೀರಿ. ಮೆಹ್ರೀನಳಿಗೆ ಅದರ ಅರ್ಥ ಚೆನ್ನಾಗಿಯೇ ತಿಳಿಯಿತು. "ಸಾರ್, ಅಜ್ಜಿನ ಮೌನಿಕಾಗೇ ಬಿಟ್ಬಿಡ್ತೀನಿ. ನಾನು ಬೇರೆ ಏನಾದ್ರೂ ರೆಡಿ ಮಾಡ್ಕೋತೀನಿ" ಎಂದಳು. ಬೇಡ ಕಣಮ್ಮ ಎಂದೆ. "ನೀವು ಬೇಡ ಅಂತೀರ. ತಿಂಗಳು ಮುಗಿದ್ಮೇಲೆ ನಾನೇನ್ ಮಾಡ್ಲಿ ಸಾರ್?" ಎಂದು ಕೇಳಿದಳು.

ಮೊನ್ನೆ ಅವಳ ತಂದೆ ರಹಮತ್ತುಲ್ಲಾ ಅವರ ಹಾಸಿಗೆ ಅಂಗಡಿಯಲ್ಲಿ ಕೂತಿದ್ದೆ. ಅವರು ಹಾಸಿಗೆಗೆ ಹತ್ತಿ ತುಂಬುತ್ತಿದ್ದರು. ಮಗಳು ಗೋಡೆಗೆ ಒರಗಿ ನಿಂತು ಹೊಸ ಉತ್ತರವನ್ನು ಅಭ್ಯಾಸ ಮಾಡುತ್ತಿದ್ದಳು. ತಂದೆಗೆ ಎದೆನೋವು ಬಂದದ್ದು, ಇವಳು ಎದೆ ಒತ್ತಿ ಒತ್ತಿ ಸೋತದ್ದು, ಅವರು ಇವಳ ಕೈಯಲ್ಲೇ ಪ್ರಾಣ ಬಿಟ್ಟದ್ದು, ಅಂದೇ ಇವಳು ನರ್ಸ್ ಆಗಲು ತೀರ್ಮಾನಿಸಿದ್ದು. ಬಸ್ಸಿನ ಕಥೆ ಹೇಳುವಾಗ ಅಲ್ಲಲ್ಲಿ ತಡವರಿಸುತ್ತಿದ್ದ ಹುಡುಗಿ ಇದನ್ನು ಒಂದು ಕಡೆಯೂ ನಿಲ್ಲಿಸದೆ ಹೇಳಿ ಮುಗಿಸಿದಳು. ರಹಮತ್ತುಲ್ಲಾ ಅವರಿಗೆ ಇಂಗ್ಲಿಷ್ ಬಾರದು. ಕೈ ನಿಲ್ಲಿಸಿ ಕೊನೆಯವರೆಗೂ ಕೇಳಿದರು. "ಎಷ್ಟು ಚೆನ್ನಾಗಿ ಮಾತಾಡ್ತಾಳೆ ನೋಡಿ ಮೇಷ್ಟ್ರೇ. ಅದೇ ಬಸ್ಸಿನ ಅಜ್ಜಿದು ತಾನೇ?" ಎಂದು ನನ್ನನ್ನು ಕೇಳಿದರು.

ಹೌದು ಎಂದೆ. ಮೆಹ್ರೀನ್ ತಲೆ ಎತ್ತಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಆ ಎರಡು ಧ್ವನಿಮುದ್ರಣಗಳನ್ನು ಮನುಷ್ಯರೊಬ್ಬರು ಕೂತು ಪೂರ್ತಿ ಕೇಳಲಿ. ಬೇಕಾದರೆ ಆ ಬಸ್ಸಿನ ಕಂಡಕ್ಟರನನ್ನು ವಿಚಾರಿಸಲಿ, ಮುನಿಯಲ್ಲಮ್ಮನನ್ನು ವಿಚಾರಿಸಲಿ. ತಿಂಗಳು ಮುಗಿಯುವ ಮೊದಲು ಫಲಿತಾಂಶ ಕೊಡಿ. ಅದಾಗದಿದ್ದರೆ ನಿಮ್ಮ ಕಚೇರಿಯಿಂದ ಯಾರಾದರೂ ಒಬ್ಬರು ಮುಳಬಾಗಿಲಿಗೆ ಬಂದು, ಮಗಳು ನಿಮ್ಮೆದುರು ಏನು ಹೇಳಲು ಹೊರಟಿದ್ದಾಳೆ ಎಂಬುದನ್ನು ರಹಮತ್ತುಲ್ಲಾ ಅವರಿಗೆ ಕನ್ನಡದಲ್ಲಿ ತಿಳಿಸಲಿ. ನನ್ನಿಂದ ಅದು ಆಗಲಿಲ್ಲ.

ಇಂತಿ,
ನಡೆದದ್ದನ್ನೇ ಹೇಳಿ ಎಂದು ಇಬ್ಬರು ಹುಡುಗಿಯರನ್ನು ಕೆಡಿಸಿದ
ಶ್ರೀರಾಮಪ್ಪ
ನಿವೃತ್ತ ಕನ್ನಡ ಶಿಕ್ಷಕ, ಮುಳಬಾಗಿಲು